ಅಮೆರಿಕದ ಪೌರತ್ವ: ಪರೀಕ್ಷೆಗಿಂತ ದಿನಗಳ ಲೆಕ್ಕವೇ ಕಷ್ಟ

ಗ್ರೀನ್ ಕಾರ್ಡ್ ಕೈಗೆ ಬರುವ ಹೊತ್ತಿಗೆ ನಮ್ಮವರಲ್ಲಿ ಅನೇಕರ ತಲೆ ನೆರೆತಿರುತ್ತದೆ. ಅಲ್ಲಿಂದ ಮುಂದಿನ ದಾರಿ ಅಷ್ಟು ದೂರದ್ದಲ್ಲ. ಕಾರ್ಡು ಬಂದು ಐದು ವರ್ಷ ತುಂಬಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಗೇ ಸಂಸಾರ ಮಾಡುತ್ತಿದ್ದರೆ ಮೂರೇ ಸಾಕು. ಗಡುವಿಗೆ 90 ದಿನ ಮುಂಚೆಯೇ ಎನ್-400 ಅರ್ಜಿ ಹಾಕಬಹುದು. ಶುಲ್ಕ ಆನ್‌ಲೈನ್‌ನಲ್ಲಾದರೆ 710 ಡಾಲರ್, ಕಾಗದದಲ್ಲಾದರೆ 760.

ಎಲ್ಲರೂ ಹೆದರುವುದು ಪರೀಕ್ಷೆಗೆ. ನನ್ನ ಕೇಳಿದರೆ, ಹೆದರಬೇಕಾದ್ದು ಪ್ರಯಾಣದ ಕಾಲಮ್ಮಿಗೆ. ಕಳೆದ ಐದು ವರ್ಷಗಳಲ್ಲಿ ದೇಶ ಬಿಟ್ಟು ಹೋದದ್ದು ಯಾವತ್ತು, ಮರಳಿದ್ದು ಯಾವತ್ತು ಎಂದು ಒಂದೊಂದು ಸಲದ್ದನ್ನೂ ಬರೆಯಬೇಕು. ಪಾಸ್‌ಪೋರ್ಟ್ ಹರವಿಕೊಂಡು ಕೂತರೆ ಬೆಂಗಳೂರಿನ ಮುದ್ರೆ ಮಸುಕು. ನಡುರಾತ್ರಿಯ ವಿಮಾನ ಯಾವ ತಾರೀಕಿಗೆ ಸೇರಿತೆಂಬುದೇ ಗೊಂದಲ. ಇಮೇಲಿನಲ್ಲಿ ಹಳೆಯ ಟಿಕೆಟ್ ಹುಡುಕುವುದು ವಾಸಿ.

ಐದು ವರ್ಷಗಳಲ್ಲಿ ಒಟ್ಟು 30 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕೆಂಬ ಷರತ್ತು ಬಹುಪಾಲು ಜನರಿಗೆ ಸಲೀಸು. ಎಡವುವುದು ಒಂದೇ ಒಂದು ಉದ್ದನೆಯ ಪ್ರಯಾಣದಲ್ಲಿ. ಅಮ್ಮನಿಗೆ ಹುಷಾರಿಲ್ಲವೆಂದು ಮೈಸೂರಿಗೆ ಹೋದವರು ಆರು ತಿಂಗಳು ಮೀರಿ ನಿಂತರೆ, ಅಮೆರಿಕದ ವಾಸ ಕಡಿದುಹೋಯಿತೆಂದೇ ಕಾನೂನು ಎಣಿಸುತ್ತದೆ. ಇಲ್ಲ, ನನ್ನ ಮನೆ, ಕೆಲಸ, ತೆರಿಗೆ ಎಲ್ಲ ಇಲ್ಲೇ ಇತ್ತು ಎಂದು ದಾಖಲೆ ತೋರಿಸುವ ಹೊಣೆ ನಿಮ್ಮದು. ವರ್ಷವೇ ತುಂಬಿದರೆ ಈ ವಾದಕ್ಕೂ ಸಾಮಾನ್ಯವಾಗಿ ಜಾಗವಿಲ್ಲ, ಕಾಯುವ ಲೆಕ್ಕ ಹೊಸದಾಗಿ ಶುರು.

ಇನ್ನೊಂದು ಗುಂಡಿ ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿದೆ. ಅಲ್ಲಿ ಕೇಳಿದ್ದಕ್ಕೆಲ್ಲ ಹೂಂಗುಟ್ಟಿ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡವರಿದ್ದಾರೆ. ಹಾಗೇನಾದರೂ ಆಗಿದ್ದರೆ ವಕೀಲರನ್ನು ಕಾಣದೆ ಅರ್ಜಿ ಮುಟ್ಟಬೇಡಿ.

ಪರೀಕ್ಷೆ ಬಾಯಿಮಾತಿನದು, ಸಂದರ್ಶನದಲ್ಲೇ ನಡೆಯುತ್ತದೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಹೊಸ ಪಟ್ಟಿ ಇದೆ. 20 ಕೇಳುತ್ತಾರೆ, 12 ಸರಿಯಾಗಬೇಕು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿ, ಒಂದು ಬರೆದು ತೋರಿಸಬೇಕು. ಮಗನ ಮನೆಯಲ್ಲಿ ನೆಲೆಸಿದ ಅಪ್ಪ-ಅಮ್ಮಂದಿರಿಗೆ ಇದು ಗೊತ್ತಿರಲಿ: 55 ದಾಟಿ, ಗ್ರೀನ್ ಕಾರ್ಡಿನಲ್ಲಿ 15 ವರ್ಷ ಕಳೆದಿದ್ದರೆ ಇಂಗ್ಲಿಷಿನ ಕಾಟವಿಲ್ಲ. 50 ದಾಟಿ 20 ವರ್ಷ ಕಳೆದವರಿಗೂ ಅಷ್ಟೇ. ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು. ಮೊದಲ ಸಲ ಫೇಲಾದರೆ ಎರಡು-ಮೂರು ತಿಂಗಳೊಳಗೆ ಇನ್ನೊಂದು ಅವಕಾಶವುಂಟು.

ಇನಿಷಿಯಲ್ ಇಟ್ಟುಕೊಂಡು ಬಂದು, ಸರ್‌ನೇಮ್ ಇಲ್ಲದ್ದಕ್ಕೆ ವೀಸಾದಲ್ಲಿ 'ಎಫ್‌ಎನ್‌ಯು' ಎಂಬ ವಿಚಿತ್ರ ಹೆಸರು ಹೊತ್ತವರು ಇದೇ ಅರ್ಜಿಯಲ್ಲಿ ಹೆಸರು ತಿದ್ದಿಸಿಕೊಳ್ಳಲು ಕೇಳಬಹುದು. ಹಾಗೆ ಕೇಳಿದರೆ ಪ್ರಮಾಣವಚನ ನ್ಯಾಯಾಲಯದಲ್ಲಿ ಆಗಬೇಕು.

ಪ್ರಮಾಣದ ದಿನ ಗ್ರೀನ್ ಕಾರ್ಡ್ ವಾಪಸ್ ಕೊಟ್ಟು, ಪೌರತ್ವದ ಪ್ರಮಾಣಪತ್ರ ಪಡೆಯುತ್ತೀರಿ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ ಅಂದೇ ನಿಮ್ಮ ಭಾರತೀಯ ಪೌರತ್ವ ಮುಗಿಯಿತು. ಯಾರೂ ಬಂದು ಕಸಿದುಕೊಳ್ಳುವುದಿಲ್ಲ, ಅವಧಿ ಇನ್ನೂ ಇರುವ ಪಾಸ್‌ಪೋರ್ಟ್ ಡ್ರಾಯರಿನಲ್ಲೇ ಇರುತ್ತದೆ. ಆದರೆ ಅದನ್ನು ಬಳಸಿ ಪ್ರಯಾಣ ಮಾಡಿದರೆ ಅಪರಾಧ. ಅದನ್ನು ಒಪ್ಪಿಸಿ, ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೆ ಬೇರೆ ಅರ್ಜಿ ಹಾಕಬೇಕು. ಓಸಿಐ ಇದ್ದರೂ ವೋಟಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪನ ಅಡಿಕೆ ತೋಟ ಪಿತ್ರಾರ್ಜಿತವಾಗಿ ಬರಬಹುದು. ಅದರ ಪಕ್ಕದ ಅರ್ಧ ಎಕರೆಯನ್ನು ದುಡ್ಡು ಕೊಟ್ಟು ಸೇರಿಸಿಕೊಳ್ಳಲಾಗದು.

ಆದ್ದರಿಂದ ಪ್ರಮಾಣದ ಮಾರನೆಯ ವಾರಕ್ಕೇ ಊರಿಗೆ ಟಿಕೆಟ್ ಮಾಡಿಸಬೇಡಿ. ಅಮೆರಿಕದ ಪಾಸ್‌ಪೋರ್ಟ್ ಕೈಗೆ ಬರಲಿ, ಅದಕ್ಕೆ ಓಸಿಐ ಅಥವಾ ಭಾರತದ ವೀಸಾ ಸಿಗಲಿ, ಆಮೇಲೆ ಹೊರಡಿ.