ಎರಡನೆಯ ಮರಿಯ ಪಾಡು

ಹೊಸಕೋಟೆಯ ದೊಡ್ಡ ಕೆರೆಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದಿಳಿದಾಗ, ದಡದಲ್ಲಿ ನಿಂತವರು ಮೊದಲು ಅವುಗಳನ್ನು ಎಣಿಸತೊಡಗುವರು. ಸಂಖ್ಯೆ ಹೆಚ್ಚಿದ್ದರೆ ಸಂತತಿ ಸುಕ್ಷೇಮವೆಂದು ನಂಬಿ ಸಂತೋಷಪಡುವರು. ಆದರೆ ಆ ಹಕ್ಕಿಗಳು ಒಂದಕ್ಕೊಂದು ಎಷ್ಟು ಸಮೀಪದ ದಾಯಾದಿಗಳು ಎಂಬ ಪ್ರಶ್ನೆಯೂ ಸಂಖ್ಯೆಯಷ್ಟೇ ಗುರುತರವಾದುದು.

ದೊಡ್ಡಬಳ್ಳಾಪುರ, ನೆಲಮಂಗಲಗಳ ಕಡೆ ನಾಟಿಕೋಳಿ ಸಾಕುವವರಿಗೆ ಇದು ತೀರ ಅಪರಿಚಿತವಾದ ವಿಷಯವಲ್ಲ. ಒಂದೇ ಹುಂಜದ ಸಂತಾನ ತಮ್ಮತಮ್ಮೊಳಗೇ ಕೂಡುತ್ತ ಹೋದರೆ ಮರಿಗಳು ಸೊರಗುವುವೆಂದು ಬಲ್ಲವರು ಬೇರೂರಿನ ಹುಂಜವನ್ನು ತಂದು ಬಿಡುವುದುಂಟು. ಪ್ರತಿಯೊಂದು ಮರಿಯೂ ತಾಯಿಯಿಂದೊಂದು, ತಂದೆಯಿಂದೊಂದು ಎಂದು ಬಹುಪಾಲು ವಂಶವಾಹಿಗಳನ್ನು ಜೋಡಿಜೋಡಿಯಾಗಿ ಪಡೆಯುತ್ತದೆ. ಒಂದು ದೋಷಯುಕ್ತವಾಗಿದ್ದರೂ ಮತ್ತೊಂದು ಸಾಮಾನ್ಯವಾಗಿ ಆ ಕೊರತೆಯನ್ನು ಮುಚ್ಚುತ್ತದೆ. ತಂದೆತಾಯಿಗಳು ರಕ್ತಸಂಬಂಧಿಗಳಾದರೆ ಒಂದೇ ದೋಷ ಎರಡು ಕಡೆಯಿಂದಲೂ ಬಂದು ಸೇರುವ ಸಂಭವ ಹೆಚ್ಚು.

ಹೀಗೆ ಎರಡು ಕಡೆಯ ವಂಶವಾಹಿಗಳು ಬೇರೆಬೇರೆಯಾಗಿರುವುದರ ಫಲವನ್ನು ಕಾಡುಹಕ್ಕಿಗಳಲ್ಲಿ ಅಳೆದು ನೋಡಿದವರಲ್ಲಿ ಕೆಲವರು ಬಹುದೂರದವರು. ಅಲಾಸ್ಕದ ಮಿಡ್ಲ್‌ಟನ್ ದ್ವೀಪದಲ್ಲಿ, ಅಮೆರಿಕದ ವಾಯುಪಡೆ ತೊರೆದುಹೋದ ರಡಾರ್ ಗೋಪುರವೊಂದರ ಗೋಡೆಯಂಚುಗಳಲ್ಲಿ ಕಿಟಿವೇಕ್ ಎಂಬ ಕಡಲಹಕ್ಕಿ ಗೂಡು ಕಟ್ಟುತ್ತದೆ. ವಿಜ್ಞಾನಿಗಳು ಒಳಗೆ ಕುಳಿತು, ಹಕ್ಕಿಗೆ ತಾವು ಕಾಣದಂತಹ ಗಾಜಿನ ಹಿಂದಿನಿಂದ, ಮರಿಗಳ ಬೆಳವಣಿಗೆಯನ್ನು ಗಮನಿಸುತ್ತಾರೆ. ಈ ಹಕ್ಕಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಮೊದಲು ಒಡೆದು ಬಂದ ಮರಿ ಬಲಿಷ್ಠವಾಗಿ ತುತ್ತಿಗೆ ಮುಂದಾಗುತ್ತದೆ. ತಡವಾಗಿ ಬಂದದ್ದು ಉಳಿದುದನ್ನು ತಿಂದು ಬದುಕಬೇಕು. ನಮ್ಮ ಕೊಕ್ಕರೆ ಬೆಳ್ಳೂರಿನ ಹುಣಿಸೆಮರಗಳ ಮೇಲಿನ ಹೆಜ್ಜಾರ್ಲೆಯ ಗೂಡಿನಲ್ಲಿಯೂ ಮರಿಗಳು ಹೀಗೆಯೇ ಹಿಂದುಮುಂದಾಗಿ ಹುಟ್ಟುವುವು, ಕಿರಿಯದಕ್ಕೆ ಅಲ್ಲಿಯೂ ಕಷ್ಟವೇ. ರೋಗಾಣುಗಳನ್ನು ಗುರುತಿಸಲು ನೆರವಾಗುವ ವಂಶವಾಹಿಗಳ ವೈವಿಧ್ಯವನ್ನು ಈ ಕಿಟಿವೇಕ್ ಮರಿಗಳಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ನನಗಂತೂ ಅತ್ಯಂತ ಕುತೂಹಲಕರವಾಗಿ ತೋರುತ್ತದೆ: ಹೆಣ್ಣುಮರಿಗಳಲ್ಲಿ, ಈ ವೈವಿಧ್ಯ ಹೆಚ್ಚಿದ್ದವು ಬೇಗ ಬೆಳೆದವು, ಮೈಗೆ ಹತ್ತಿದ ಉಣ್ಣಿಗಳಿಂದ ಬೇಗ ಪಾರಾದವು; ಎರಡನೆಯದಾಗಿ ಹುಟ್ಟಿದ ಹೆಣ್ಣುಮರಿಗಳಲ್ಲಿ ಅಂಥವು ಬದುಕಿ ಉಳಿದುದೂ ಹೆಚ್ಚು. ಹೊಟ್ಟೆ ತುಂಬಿದ ಹಿರಿಯ ಮರಿಯಲ್ಲಿ ಮರೆಯಾಗುವ ವಂಶಾನುಗತವಾದ ಬಲಾಬಲ, ಅರೆಹೊಟ್ಟೆಯ ಕಿರಿಯದರಲ್ಲಿ ಬಯಲಾಗುತ್ತದೆಯೋ ಏನೋ. ಉಣ್ಣಿಯೊಡನೆ ಹೋರಾಡಲು ವ್ಯಯವಾದ ಆಹಾರ ರೆಕ್ಕೆಗೂ ಮೂಳೆಗೂ ಒದಗದು.

ಅಮೆರಿಕದ ಇಲಿನಾಯ್ ರಾಜ್ಯದ ಹುಲ್ಲುಗಾವಲ ಕೋಳಿಗೆ ಮರಿ ಬೆಳೆಯುವ ಮಾತಿಗೆ ಮೊದಲೇ ವಿಪತ್ತು ಬಂದಿತು. 1962ರಲ್ಲಿ ಸುಮಾರು 2000 ಇದ್ದುವು, 1994ರ ವೇಳೆಗೆ 50ಕ್ಕೂ ಕಡಿಮೆಯಾದವು. ಮೊಟ್ಟೆಗಳು ಒಡೆದು ಮರಿಯಾಗುವುದೇ ಕಡಿಮೆಯಾಯಿತು. 1992ರಿಂದ ಬೇರೆ ರಾಜ್ಯಗಳ ದೊಡ್ಡ ಹಿಂಡುಗಳ ಹಕ್ಕಿಗಳನ್ನು ತಂದು ಬಿಟ್ಟ ಮೇಲೆ ಮೊಟ್ಟೆಗಳು ಮತ್ತೆ ಚೆನ್ನಾಗಿ ಮರಿಯಾದವು.

ಬಳ್ಳಾರಿ ಜಿಲ್ಲೆಯ ಸಿರಿಗುಪ್ಪದ ಬಯಲಿನಲ್ಲಿ ಬೆರಳೆಣಿಕೆಗೆ ಇಳಿದಿರುವ ಎರೆಭೂತವೆಂಬ ಹಕ್ಕಿಗೂ ಹೀಗೆಯೇ ಹೊರಗಿನ ಹುಂಜವನ್ನು ತರಬಹುದೇ? ಎರೆಭೂತ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಮೊದಲನೆಯದು ಎರಡನೆಯದು ಎಂಬ ಮಾತೇ ಅಲ್ಲಿಲ್ಲ. ವಿಜ್ಞಾನಿ ಫರಾ ಇಷ್ತಿಯಾಕ್ ಮತ್ತು ಸಹೋದ್ಯೋಗಿಗಳು ದೇಶದ ಐದು ರಾಜ್ಯಗಳ ಎರೆಭೂತಗಳ 63 ಮಾದರಿಗಳಲ್ಲಿ, ತಾಯಿಯ ಕಡೆಯಿಂದ ಮಾತ್ರ ಬರುವ ವಂಶದ್ರವ್ಯವನ್ನು ಪರೀಕ್ಷಿಸಿ, ಮೂರೇ ಬಗೆಗಳನ್ನು ಕಂಡರು. ಊರಿಂದೂರಿಗೆ ಹೇಳಿಕೊಳ್ಳುವಂತಹ ಭೇದವೂ ಅವರಿಗೆ ತೋರಲಿಲ್ಲ. ಆದುದರಿಂದ ರಾಜಸ್ಥಾನದ ಹಕ್ಕಿಯನ್ನು ಸಿರಿಗುಪ್ಪಕ್ಕೆ ತರಲು ಸಂತತಿಭೇದದ ಅಡ್ಡಿ ಕಾಣದು, ಆದರೆ ತಾಯಿವಂಶದ ಮಟ್ಟಿಗಾದರೂ ಅದು ಹೊಸದೇನನ್ನೂ ಹೊತ್ತು ತರುವಂತೆಯೂ ಕಾಣದು.