ಅಂಗಡಿಯ ಒಡೆಯನಿಗೂ ವಿರಾಮ ಬೇಕು

ಕರ್ನಾಟಕದ 1961ರ ಅಂಗಡಿಗಳ ಕಾಯಿದೆಯು ನೌಕರನಿಗೆ ವಾರಕ್ಕೊಂದು ದಿನದ ರಜೆಯನ್ನು ವಿಧಿಸಿದೆ. ಬಾಗಿಲು ಮುಚ್ಚಿದ ಮೇಲೂ ಒಡೆಯನು ಲೆಕ್ಕದ ಮುಂದೆ ಕುಳಿತಿದ್ದರೆ ಕೇಳುವವರಾರು? ನಿಸರ್ಗದ ಕಟ್ಟಳೆಯಾದರೋ ಇಬ್ಬರಿಗೂ ಒಂದೇ.

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತುವು ಶೇಖರವಾಗುತ್ತದೆ, ನಿದ್ರೆಯಲ್ಲಿ ಇಳಿಯುತ್ತದೆ. ಕಾಫಿಯಲ್ಲಿರುವ ಕೆಫೀನ್ ಅದರ ಪ್ರಭಾವವನ್ನು ಕೆಲಕಾಲ ತಡೆಯುವುದೇ ಹೊರತು ಅದನ್ನು ನೀಗಿಸಲಾರದು. ಸಾಲ ಕೊಟ್ಟವನನ್ನು ಬಾಗಿಲಲ್ಲಿ ನಿಲ್ಲಿಸಿದ ಮಾತ್ರಕ್ಕೆ ಸಾಲ ತೀರೀತೆ?

ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬವರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 17 ಗಂಟೆ ಸತತವಾಗಿ ಎಚ್ಚರವಿದ್ದವರ ಕಾರ್ಯಕುಶಲತೆಯು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರವಿದ್ದಾಗಿನ ಮಟ್ಟಕ್ಕೆ ಕುಗ್ಗಿತ್ತು. ಬೆಳಗಿನ 5ಕ್ಕೆ ಎದ್ದು ರಾತ್ರಿ 10ಕ್ಕೆ ಲೆಕ್ಕ ಬರೆಯುವ ವರ್ತಕನ ಎಚ್ಚರವೂ ಅಷ್ಟೇ ದೀರ್ಘವಾದುದು. ಆದುದರಿಂದ ಆ ಲೆಕ್ಕವನ್ನು ಮರುದಿನಕ್ಕೆ ಬಿಟ್ಟು ನಿದ್ರಿಸುವುದೇ ಅವನಿಗೆ ಲಾಭಕರವೆಂದು ನಾವು ಭಾವಿಸುತ್ತೇವೆ.