41 ಕಿಲೋದ ಲೆಕ್ಕ

ಡಾಂಬರು ಮುಗಿದಲ್ಲಿ ನಿಲ್ಲದ ಬೈಕು ಬೇಕು. ಅದೇ ಬೈಕಿನಲ್ಲಿ ವಾರವಿಡೀ ಆಫೀಸಿಗೆ ಹೋಗಿಬರಬೇಕು, ಹಬ್ಬಕ್ಕೆ ಮನೆಯವರನ್ನು ಹಿಂದೆ ಕೂರಿಸಿಕೊಂಡು ಊರಿಗೂ ಹೋಗಬೇಕು. ಮಧ್ಯಮ ವರ್ಗದ ಜೇಬಿನಲ್ಲಿ ಇಷ್ಟೆಲ್ಲ ಆಸೆ ಇಟ್ಟುಕೊಂಡವರ ಬಾಯಲ್ಲಿ ಕೆಲವು ವರ್ಷ ಒಂದೇ ಪ್ರಶ್ನೆ ಓಡಾಡುತ್ತಿತ್ತು: ಹಿಮಾಲಯನ್ನೋ, ಎಕ್ಸ್‌ಪಲ್ಸೋ?

ರಾಯಲ್ ಎನ್‌ಫೀಲ್ಡ್‌ನ 411 ಸಿಸಿ ಹಿಮಾಲಯನ್ ಬಂದದ್ದು 2016ರಲ್ಲಿ. ಹೀರೋದ ಎಕ್ಸ್‌ಪಲ್ಸ್ 200 ಬಂದದ್ದು 2019ರಲ್ಲಿ. 2021ರಲ್ಲಿ ಅದಕ್ಕೆ ನಾಲ್ಕು ವಾಲ್ವಿನ ಎಂಜಿನ್ ಸಿಕ್ಕಿತು. 2023ರ ಕೊನೆಗೆ 450 ಸಿಸಿಯ ಹೊಸ ಹಿಮಾಲಯನ್ ಬಂದು ಹಳೆಯದು ನಿಂತಿತು, ಎಕ್ಸ್‌ಪಲ್ಸ್‌ಗೂ 210 ಸಿಸಿಯ ತಮ್ಮ ಹುಟ್ಟಿದ್ದಾನೆ. ಆದರೂ ಹಳೆಯ ಜೋಡಿಯ ಪೈಪೋಟಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಜೀವಂತವಾಗಿದೆ. ನನಗೆ ಈ ಜೋಡಿಯ ಮೇಲೆ ವಿಶೇಷ ಪ್ರೀತಿ. ಏಕೆಂದರೆ ಒಂದೇ ಕೆಲಸಕ್ಕೆ ಎರಡು ತದ್ವಿರುದ್ಧ ಉತ್ತರಗಳನ್ನು ಇಷ್ಟು ಸ್ಪಷ್ಟವಾಗಿ ಕೊಟ್ಟ ಬೈಕುಗಳು ನಮ್ಮ ದೇಶದಲ್ಲಿ ಬೇರೆ ಇಲ್ಲ.

ಕಾಗದದ ಮೇಲೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡಕ್ಕೂ ಮುಂದೆ 21 ಇಂಚಿನ ಚಕ್ರ, ಕಡ್ಡಿಗಳ ರಿಮ್ಮು, ಟ್ಯೂಬಿನ ಟೈರು. ನೆಲದಿಂದ ಹೊಟ್ಟೆಯವರೆಗಿನ ಅಂತರ ಎರಡಕ್ಕೂ 220 ಮಿಲಿಮೀಟರ್. ಮುಂದಿನ ಸಸ್ಪೆನ್ಶನ್ ಕುಗ್ಗುವ ದೂರ ಹಿಮಾಲಯನ್‌ನಲ್ಲಿ 200 ಮಿಮೀ, ಎಕ್ಸ್‌ಪಲ್ಸ್‌ನಲ್ಲಿ 190. ಹಿಂದೆ 180 ಮತ್ತು 170. ಇಲ್ಲಿ ಗೆಲುವು ಸೋಲು ಏನೂ ಇಲ್ಲ. ವ್ಯತ್ಯಾಸ ಕಾಣುವುದು ತೂಕದಲ್ಲಿ. ಬಿಎಸ್6 ಹಿಮಾಲಯನ್ 199 ಕೆಜಿ, ನಾಲ್ಕು ವಾಲ್ವಿನ ಎಕ್ಸ್‌ಪಲ್ಸ್ 158 ಕೆಜಿ. ನಡುವಿನ 41 ಕೆಜಿ ಎಂದರೆ ಹತ್ತಿರಹತ್ತಿರ ಒಂದು ಸಿಮೆಂಟ್ ಚೀಲ. ಈ ಎರಡರಲ್ಲಿ ಯಾವುದು ನಿಮ್ಮದು ಎಂಬ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಈ 41 ಕೆಜಿಯಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಮೊದಲು ಎಂಜಿನ್ ನೋಡೋಣ, ಜನ ಮೊದಲು ಕೇಳುವುದೇ ಅದನ್ನು. ಹಿಮಾಲಯನ್‌ನ ಪಿಸ್ಟನ್ 78 ಮಿಮೀ ಅಗಲ, ಮೇಲೆ ಕೆಳಗೆ ಓಡುವ ದೂರ 86 ಮಿಮೀ. ಎಕ್ಸ್‌ಪಲ್ಸ್‌ನದು 66.5 ಮಿಮೀ ಅಗಲ, 57.5 ಮಿಮೀ ಓಟ. ಒಂದು ಲಾಂಗ್ ಸ್ಟ್ರೋಕ್, ಇನ್ನೊಂದು ಶಾರ್ಟ್ ಸ್ಟ್ರೋಕ್. ಓಟ ಉದ್ದವಾದ್ದರಿಂದಲೇ ಹಿಮಾಲಯನ್‌ಗೆ ಟಾರ್ಕ್, ಅಂದರೆ ಚಕ್ರವನ್ನು ತಿರುಚುವ ಬಲ, ಜಾಸ್ತಿ ಎನ್ನುವ ಮಾತು ಗ್ಯಾರೇಜುಗಳಲ್ಲಿ ಪ್ರಚಲಿತ. ಲೆಕ್ಕ ಬೇರೆ ಹೇಳುತ್ತದೆ. ಹಿಮಾಲಯನ್‌ನ 32 ನ್ಯೂಟನ್ ಮೀಟರ್ ಟಾರ್ಕನ್ನು ಅದರ 411 ಸಿಸಿಗೆ ಹಂಚಿ, ಎಕ್ಸ್‌ಪಲ್ಸ್‌ನ 17.35ನ್ನು ಅದರ 200 ಸಿಸಿಗೆ ಹಂಚಿ. ಲೀಟರ್ ಲೆಕ್ಕದಲ್ಲಿ ಮೊದಲನೆಯದಕ್ಕೆ ಸುಮಾರು 78, ಎರಡನೆಯದಕ್ಕೆ ಸುಮಾರು 87 ಬರುತ್ತದೆ. ಸಿಸಿಗೆ ಸಿಸಿ ಹೋಲಿಸಿದರೆ ಚಿಕ್ಕದೇ ಮುಂದು. ಟಾರ್ಕ್ ಮುಖ್ಯವಾಗಿ ಬರುವುದು ಎಂಜಿನ್ ಒಂದು ಸಲಕ್ಕೆ ಎಷ್ಟು ಗಾಳಿ, ಪೆಟ್ರೋಲ್ ನುಂಗುತ್ತದೆ ಎಂಬುದರಿಂದ.

ಹಾಗಾದರೆ ಓಟದ ಉದ್ದ ಮಾಡುವುದೇನು? ಎಂಜಿನ್ ಎಷ್ಟು ವೇಗವಾಗಿ ತಿರುಗಬಹುದು ಎಂಬುದಕ್ಕೆ ಅದು ಗಡಿ ಹಾಕುತ್ತದೆ. ಹಿಮಾಲಯನ್ 6,500 ಆರ್‌ಪಿಎಂನಲ್ಲಿ ತನ್ನ ಪೂರ್ಣ ಶಕ್ತಿ ಕೊಡುವಾಗ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 18.6 ಮೀಟರ್. ಎಕ್ಸ್‌ಪಲ್ಸ್‌ನಂತೆ ಅದನ್ನೂ 8,500ಕ್ಕೆ ಎಳೆದರೆ ಆ ವೇಗ 24 ಮೀಟರ್ ದಾಟುತ್ತದೆ. ಗಾಳಿಯಿಂದಲೂ ಆಯಿಲ್‌ನಿಂದಲೂ ತಣಿಯುವ ಸಾದಾ ಎಂಜಿನ್ನಿಗೆ ಅದು ಹೊರಲಾಗದ ಹೊರೆ. ಹೀಗಾಗಿ ಅದನ್ನು ತಗ್ಗಿನ ಆರ್‌ಪಿಎಂಗೆ ಹದ ಮಾಡಿದ್ದಾರೆ, ತಿರುಗುವ ಭಾಗಗಳಿಗೆ ತಕ್ಕಷ್ಟು ತೂಕ ಕೊಟ್ಟಿದ್ದಾರೆ. ತಿರುಗುತ್ತಿರುವ ಭಾರವಾದ ವಸ್ತು ಸುಲಭಕ್ಕೆ ನಿಲ್ಲುವುದಿಲ್ಲ. ಕಲ್ಲುದಾರಿಯ ಏರಿನಲ್ಲಿ ಮೊದಲ ಗೇರಿನಲ್ಲಿ ಡುಗುಡುಗು ಎನ್ನುತ್ತ ಹತ್ತುವಾಗ ಹಿಮಾಲಯನ್ ಆಫ್ ಆಗದೆ ಮುಂದೆ ಸಾಗುವುದು ಈ ಕಾರಣಕ್ಕೆ. ಅದೇ ಏರಿನಲ್ಲಿ ಎಕ್ಸ್‌ಪಲ್ಸ್‌ನ ಸವಾರ ಆಕ್ಸಿಲರೇಟರ್ ತುಸು ಏರಿಸಿಟ್ಟುಕೊಂಡು ಎಡಗೈಯ ಎರಡು ಬೆರಳಲ್ಲಿ ಹಾಫ್ ಕ್ಲಚ್ ಆಡಿಸುತ್ತಿರಬೇಕು. ಕಲಿತವರಿಗೆ ಅದು ಕಷ್ಟವಲ್ಲ. ಕಲಿಯುವ ತನಕ ಅಂಗೈ ನೋಯುತ್ತದೆ.

ಹೈವೇಯಲ್ಲಿ ಚಿತ್ರ ಬದಲಾಗುತ್ತದೆ. ಅಲ್ಲಿ ವೈರಿ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ನೆಟ್ಟಗೆ ಕೂತ ಸವಾರನೊಂದಿಗೆ ಇಂಥ ಬೈಕು 80 ಕಿಮೀ ವೇಗದಲ್ಲಿ ಸಾಗಲು ಸ್ಥೂಲವಾಗಿ 8 ಅಶ್ವಶಕ್ತಿ ಸಾಕು; 100ಕ್ಕೆ ಸುಮಾರು 14 ಬೇಕು. ಎಕ್ಸ್‌ಪಲ್ಸ್‌ನ ಎಂಜಿನ್ನಿನಲ್ಲಿ ಇರುವುದೇ ಸುಮಾರು 19. ನೂರರಲ್ಲಿ ಅದರ ಮುಕ್ಕಾಲು ಶಕ್ತಿ ಆಗಲೇ ಖರ್ಚಾಗಿರುತ್ತದೆ. ಮುಂದಿನ ಲಾರಿಯನ್ನು ದಾಟಲು ಕೈಯಲ್ಲಿ ಉಳಿಯುವುದು ಅಲ್ಪಸ್ವಲ್ಪ. ಸುಮಾರು 24 ಅಶ್ವಶಕ್ತಿಯ ಹಿಮಾಲಯನ್ ಅದೇ ವೇಗದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬಳಸಿರುತ್ತದೆ. ಗಮನಿಸಿ, ಅದರ ಶಕ್ತಿ ಶೇ 28ರಷ್ಟು ಹೆಚ್ಚಿದ್ದರೂ ಘನದ ನಿಯಮದಿಂದಾಗಿ ಗರಿಷ್ಠ ವೇಗದಲ್ಲಿ ಸಿಗುವ ಲಾಭ ಶೇ 9ರ ಆಸುಪಾಸು. ನಿಜವಾದ ಲಾಭ ಇರುವುದು ಆ ಉಳಿತಾಯದಲ್ಲಿ. ಹಿಂದೆ ಇನ್ನೊಬ್ಬರು ಕೂತು, ಪಕ್ಕಕ್ಕೆ ಬ್ಯಾಗುಗಳನ್ನು ಕಟ್ಟಿ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ.

ಎತ್ತರವೂ ಶಕ್ತಿಯನ್ನು ತಿನ್ನುತ್ತದೆ. ಲಡಾಖಿನವರೆಗೆ ಹೋಗಬೇಕಿಲ್ಲ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಬಳಿಯೇ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಶೇ 17ರಷ್ಟು ಕಡಿಮೆ, ಎಂಜಿನ್ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮೊದಲೇ ಕಡಿಮೆ ಇದ್ದವನಿಗೆ ಈ ಕಡಿತ ಹೆಚ್ಚು ಕಚ್ಚುತ್ತದೆ.

ಈಗ ಡಾಂಬರು ಬಿಡೋಣ. ಜುಲೈ ತಿಂಗಳಲ್ಲಿ ಸಕಲೇಶಪುರದ ಕಡೆಯ ಒಂದು ಎಸ್ಟೇಟ್ ದಾರಿ ಎಂದಿಟ್ಟುಕೊಳ್ಳಿ. ಕೆಂಪು ಮಣ್ಣು ನೆನೆದು ಸಾಬೂನಿನಂತಾಗಿದೆ, ಜೀಪು ಓಡಿ ಓಡಿ ಎರಡು ಕಾಲುವೆ ಬಿದ್ದಿವೆ, ನಡುವಿನ ದಿಣ್ಣೆಯ ಮೇಲೆ ಪಾಚಿ ಹಿಡಿದ ಕಲ್ಲುಗಳು. ಇಲ್ಲಿ 21 ಇಂಚಿನ ಚಕ್ರ ಎರಡೂ ಬೈಕಿಗೆ ಸಮನಾಗಿ ಸಹಾಯ ಮಾಡುತ್ತದೆ. 10 ಸೆಂಟಿಮೀಟರ್ ಎತ್ತರದ ಕಲ್ಲನ್ನು ಹತ್ತಲು ಸಾಮಾನ್ಯ 17 ಇಂಚಿನ ಚಕ್ರಕ್ಕೆ ಬೇಕಾದ ತಳ್ಳುಬಲಕ್ಕಿಂತ ಏಳರಲ್ಲಿ ಒಂದು ಪಾಲು ಕಡಿಮೆ ಇದಕ್ಕೆ ಸಾಕು, ಏಕೆಂದರೆ ದೊಡ್ಡ ಚಕ್ರ ಕಲ್ಲನ್ನು ಕೊಂಚ ಓರೆಯಾದ ಕೋನದಲ್ಲಿ ಮುಟ್ಟುತ್ತದೆ. ಆದರೆ ಹತ್ತಿದ ಮೇಲೆ ಹಿಂದಿನ ಚಕ್ರ ಜಾರಿ ಪಕ್ಕಕ್ಕೆ ಸರಿಯುತ್ತದಲ್ಲ, ಆ ಅರ್ಧ ಕ್ಷಣದಲ್ಲಿ ತೂಕ ಮಾತಾಡಲು ಶುರುಮಾಡುತ್ತದೆ.

ಮಣ್ಣಿನಲ್ಲಿ ಬೈಕನ್ನು ನಡೆಸುವುದು ಹ್ಯಾಂಡಲ್ಲಿಗಿಂತ ಹೆಚ್ಚಾಗಿ ಸವಾರನ ದೇಹ. 70 ಕೆಜಿಯ ಸವಾರ ತನ್ನ ಮೈಯನ್ನು 20 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದರೆ, ಎಕ್ಸ್‌ಪಲ್ಸ್ ಮತ್ತು ಸವಾರ ಸೇರಿದ ಒಟ್ಟು ಗುರುತ್ವಕೇಂದ್ರ 6.1 ಸೆಂಮೀ ಸರಿಯುತ್ತದೆ, ಹಿಮಾಲಯನ್‌ನಲ್ಲಿ 5.2. ಸಣ್ಣ ಅಂಕಿ ಅನ್ನಿಸಬಹುದು. ಆದರೆ ಬೀಳುವ ಬೈಕನ್ನು ತಡೆಯಲು ಸವಾರನಿಗಿರುವ ಬತ್ತಳಿಕೆಯೇ ಅದು, ಅದರಲ್ಲಿ ಆರನೇ ಒಂದು ಪಾಲು ಕಡಿಮೆಯಾದರೆ ಸಂಜೆಯ ಹೊತ್ತಿಗೆ ಸೊಂಟಕ್ಕೂ ಭುಜಕ್ಕೂ ಗೊತ್ತಾಗುತ್ತದೆ.

ಎದ್ದು ನಿಂತು ಓಡಿಸಿದರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ ಎಂದು ಹಲವರು ಹೇಳಿಕೊಡುತ್ತಾರೆ. ನಿಂತಾಗ ಮೈ ಮೇಲೇರುತ್ತದೆ, ಕೇಂದ್ರವೂ ಮೇಲೇ ಏರುತ್ತದೆ. ನಿಲ್ಲುವುದರ ಲಾಭ ಬೇರೆ: ಮಡಚಿದ ಮೊಣಕಾಲುಗಳು ಇನ್ನೊಂದು ಸಸ್ಪೆನ್ಶನ್ ಆಗುತ್ತವೆ, ಸವಾರನ ಕೆಳಗೆ ಬೈಕು ಸ್ವತಂತ್ರವಾಗಿ ಓಲಾಡುತ್ತದೆ. ಹಗುರ ಬೈಕಿನಲ್ಲಿ ಈ ಸ್ವಾತಂತ್ರ್ಯ ಹೆಚ್ಚು ಸಿಗುತ್ತದೆ. ಡಕಾರ್ ರ‍್ಯಾಲಿಯಲ್ಲಿ 2011ರಿಂದ ಬೈಕುಗಳಿಗೆ 450 ಸಿಸಿಯ ಮಿತಿ ಇದೆ, ಅಲ್ಲಿ ಮುಂಚೂಣಿಯ ಬೈಕುಗಳು ಪೆಟ್ರೋಲ್ ಬಿಟ್ಟು 140 ಕೆಜಿಯ ಆಸುಪಾಸಿನಲ್ಲಿರುತ್ತವೆ. ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಆ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಎನಿಸಿಕೊಂಡದ್ದೂ ಅಂಥ ಹಗುರ 450ರ ಮೇಲೆಯೇ.

ಭಾರಕ್ಕೂ ಅದರದೇ ಪುಣ್ಯವಿದೆ, ಅದನ್ನು ಹೇಳದಿದ್ದರೆ ಹಿಮಾಲಯನ್‌ಗೆ ಅನ್ಯಾಯ. ಸ್ಪ್ರಿಂಗಿನ ಮೇಲೆ ಕೂತ ಭಾರ ಹೆಚ್ಚಿದ್ದು, ಸ್ಪ್ರಿಂಗಿನ ಕೆಳಗೆ ಕುಣಿಯುವ ಚಕ್ರದ ಭಾರ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ಗುಂಡಿಯ ಹೊಡೆತ ಮೇಲಿನವರೆಗೆ ಕಡಿಮೆ ತಲುಪುತ್ತದೆ. ಗುಂಡಿ ಬಿದ್ದ ತಾಲ್ಲೂಕು ರಸ್ತೆಗಳಲ್ಲಿ 60ರ ವೇಗದಲ್ಲಿ ಹಿಮಾಲಯನ್ ತೇಲಿದಂತೆ ಹೋಗುವುದಕ್ಕೆ ಇದೂ ಕಾರಣ. ಎರಡು ಚಕ್ರಗಳ ನಡುವಿನ ಅಂತರವೂ ಅದಕ್ಕೆ ಹೆಚ್ಚು, 1,465 ಮಿಮೀ, ಎಕ್ಸ್‌ಪಲ್ಸ್‌ಗೆ 1,410. ಬಸ್ಸು ಪಕ್ಕದಲ್ಲಿ ರೊಯ್ಯನೆ ಹಾದುಹೋದಾಗ ಹಿಮಾಲಯನ್ ಅಲ್ಲಾಡುವುದು ಕಡಿಮೆ. ಸೀಟು 800 ಮಿಮೀ ಎತ್ತರ, ಎಕ್ಸ್‌ಪಲ್ಸ್‌ಗಿಂತ ಸುಮಾರು ಒಂದು ಇಂಚು ಕೆಳಗೆ. ಐದೂಕಾಲು ಅಡಿಯವರಿಗೆ ಆ ಒಂದು ಇಂಚು ದೊಡ್ಡ ಧೈರ್ಯ.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಮೀ. ಅದರಲ್ಲಿ ಎಸ್ಟೇಟಿನ ಮಣ್ಣುದಾರಿ ಎಂದರೆ ಕೊನೆಯ ಹತ್ತು ಕಿಮೀ ಇರಬಹುದು. ಹಾಗಿದ್ದ ಮೇಲೆ 210 ಕಿಮೀಗೆ ಒಳ್ಳೆಯ ಬೈಕನ್ನೇ ಕೊಳ್ಳಬೇಕಲ್ಲವೇ ಎಂಬ ವಾದ ಸರಿ ಅನ್ನಿಸುತ್ತದೆ. ನಾನು ಇದನ್ನು ಹೀಗೆ ನೋಡುತ್ತೇನೆ. ಹೈವೇಯಲ್ಲಿ ಎಕ್ಸ್‌ಪಲ್ಸ್ 80ರಲ್ಲಿ, ಹಿಮಾಲಯನ್ 95ರಲ್ಲಿ ಆರಾಮವಾಗಿ ಹೋದರೆ ಆ 210 ಕಿಮೀಯಲ್ಲಿ ಬೀಳುವ ಅಂತರ 25 ನಿಮಿಷ. ಶಕ್ತಿಯ ಕೊರತೆಯನ್ನು ಅರ್ಧ ಗಂಟೆ ಮುಂಚೆ ಹೊರಟು ತುಂಬಿಕೊಳ್ಳಬಹುದು. ಎಳೆತ ಸಾಲದಿದ್ದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ 13 ಹಲ್ಲಿನ ಜಾಗಕ್ಕೆ 12 ಹಲ್ಲಿನದು ಹಾಕಿ, ಚಕ್ರಕ್ಕೆ ಶೇ 8ರಷ್ಟು ಹೆಚ್ಚು ಬಲ ಸಿಗುತ್ತದೆ, ಹೈವೇ ವೇಗ ಅಷ್ಟು ತಗ್ಗುತ್ತದೆ. ಟೈರು ಬದಲಿಸಬಹುದು, ಸ್ಪ್ರಿಂಗ್ ಬದಲಿಸಬಹುದು, ಹ್ಯಾಂಡಲ್ ಎತ್ತರಿಸಬಹುದು. 41 ಕೆಜಿಯನ್ನು ಯಾವ ಮೆಕ್ಯಾನಿಕ್ಕೂ ಬಿಚ್ಚಿ ತೆಗೆಯಲಾರ. ಅದರ ಬೆಲೆಯನ್ನು ಕೆಸರಿನಲ್ಲಿ ಕಟ್ಟುವುದು ನಿಮ್ಮ ಮೈ.

ಆದ್ದರಿಂದ ಮಲೆನಾಡಿನಲ್ಲೇ ಇದ್ದು ತೋಟಕ್ಕೂ ಪೇಟೆಗೂ ಓಡಾಡುವವರಿಗೆ, ಒಂಟಿಯಾಗಿ ತಿರುಗುವವರಿಗೆ, ಮಣ್ಣಿನ ಸವಾರಿ ಕಲಿಯಬೇಕೆಂದಿರುವವರಿಗೆ ನಾನು ಎರಡನೇ ಯೋಚನೆಯಿಲ್ಲದೆ ಎಕ್ಸ್‌ಪಲ್ಸ್ ಹೇಳುತ್ತೇನೆ. ವರ್ಷಕ್ಕೊಮ್ಮೆ ಜೋಡಿಯಾಗಿ ದೂರದ ಊರುಗಳನ್ನು ಸುತ್ತುವವರಿಗೆ, ಮಣ್ಣುದಾರಿ ಎಂದರೆ ಹೋಂಸ್ಟೇಯ ಗೇಟಿನವರೆಗಿನ ದಾರಿ ಮಾತ್ರ ಎನ್ನುವವರಿಗೆ ಹಿಮಾಲಯನ್ ಸರಿ. ಎರಡರಲ್ಲಿ ಯಾವುದೇ ಆಗಲಿ, ದಯವಿಟ್ಟು ಬೆಟ್ಟದ ಮೇಲಿನ ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲಿಗೆ ಮಾತ್ರ ಇಳಿಸಬೇಡಿ. ಚಕ್ರ ಕೊರೆದ ಗೆರೆ ಮೊದಲ ಮಳೆಯಲ್ಲೇ ನೀರಿನ ದಾರಿಯಾಗುತ್ತದೆ, ಹುಲ್ಲಿನ ಬೇರು ಹಿಡಿದಿಟ್ಟ ತೆಳು ಮಣ್ಣು ಆ ದಾರಿಯಲ್ಲಿ ಕೊಚ್ಚಿಹೋದರೆ ಮತ್ತೆ ಕೂಡಿಕೊಳ್ಳಲು ನಮ್ಮ ಆಯುಸ್ಸು ಸಾಲದು.

ಬ್ರೇಕಿನ ಬಗ್ಗೆ ಒಂದು ಮಾತು. ಸಡಿಲ ಜಲ್ಲಿಯ ಮೇಲೆ ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿಯ ಗುಡ್ಡೆ ಮಾಡಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಅದಕ್ಕೆ ಬಿಡುವುದಿಲ್ಲ. ಬಿಎಸ್6 ಹಿಮಾಲಯನ್‌ನಲ್ಲಿ ಹಿಂದಿನ ಎಬಿಎಸ್ ಆಫ್ ಮಾಡುವ ಬಟನ್ ಇದೆ, 2021ರ ಎಕ್ಸ್‌ಪಲ್ಸ್‌ನಲ್ಲಿ ಹಿಂದೆ ಎಬಿಎಸ್ಸೇ ಇಲ್ಲ. ಮುಂದಿನ ಚಕ್ರದ ಎಬಿಎಸ್ಸನ್ನು ಹೊಸಬರು ಮುಟ್ಟದಿರುವುದೇ ಕ್ಷೇಮ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಫೋರ್ಕಿನ ಕೆಳತುದಿಯನ್ನು ಹಿಂದೆ ಮುಂದೆ ಎಳೆದು ನೋಡಿ. ಟಕ್ ಟಕ್ ಎಂದರೆ ಕೋನ್ ಸೆಟ್ ಸವೆದಿದೆ. ಕಡ್ಡಿಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಬಡಿದು ನೋಡಿ, ಸಡಿಲಾದದ್ದು ಮೊಂಡು ಸದ್ದು ಮಾಡುತ್ತದೆ. ಆಮೇಲೆ ಮಾಲೀಕರ ಒಪ್ಪಿಗೆ ಪಡೆದು ಬೈಕನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಒಬ್ಬರೇ ಎತ್ತಿ. ಎಂಜಿನ್ ಆಫ್ ಇರಲಿ, ಗೇರಿನಲ್ಲಿರಲಿ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ ನೆಲದ ಕಡೆಯ ಹಿಡಿಯನ್ನು ಒಂದು ಕೈಯಲ್ಲಿ, ಸೀಟಿನ ಹಿಂದಿನ ಹಿಡಿಕೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬೆನ್ನನ್ನು ಸೀಟಿಗೆ ಕೊಟ್ಟು, ಮೊಣಕಾಲಿನ ಬಲದಿಂದ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಮೊದಲ ಒಂದಡಿಯೇ ಕಷ್ಟ. ಬೈಕು ಮೇಲೆದ್ದಂತೆ ಗುರುತ್ವಕೇಂದ್ರ ಚಕ್ರದ ಕಡೆಗೆ ಸರಿದು ಭಾರ ತಾನಾಗಿ ಇಳಿಯುತ್ತದೆ. ಟ್ಯಾಂಕ್ ತುಂಬಿದ್ದಾಗಲೇ ಎತ್ತಿ ನೋಡಿ, ಹಿಮಾಲಯನ್‌ನ 15 ಲೀಟರ್ ಪೆಟ್ರೋಲಿನದೇ 11 ಕೆಜಿ. ಎರಡನೇ ಸಲವೂ ಎತ್ತಲು ಸಾಧ್ಯವಾದರೆ ದರದ ಮಾತಿಗೆ ಕೂರಿ.